ನುಚ್ಚಿನ ಅಂಬಲಿಯಿಂದ ಹೊಟ್ಟೆ ಹಗುರಾಯ್ತು: ನನ್ನ ಅನುಭವ

ಗ್ಯಾಸು, ಮಲಬದ್ಧತೆ ಇರುವವರಿಗೆ ಪೀಠಿಕೆ ಬೇಕಿಲ್ಲ. ಗುಳಿಗೆ, ಇಸಬಗೋಲು, ಬೆಳಗಿನ ಬಿಸಿನೀರು ಎಲ್ಲ ಮಾಡಿ ನೋಡಿರ್ತೀರಿ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದು ಬಿಡಿಭಾಗಗಳ ಅಂಗಡಿ. ದಿನವಿಡೀ ಕೂತೇ ಕೆಲಸ, ಸಂಜೆ ಗಿರ್ಮಿಟ್ ಮಿರ್ಚಿ. ಎಂಡೋಸ್ಕೋಪಿಗೆ 4-5 ಸಾವಿರ ಸುರಿದೆ, ರಿಪೋರ್ಟ್ ನಾರ್ಮಲ್. ಆಮೇಲೆ ಪ್ರೋಬಯಾಟಿಕ್ (ಹೊಟ್ಟೆಗೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ) ಕ್ಯಾಪ್ಸೂಲು, ಒಂದಕ್ಕೆ 20 ರೂಪಾಯಿ ಮೇಲೆ. ತಗೊಂಡಷ್ಟು ದಿನ ಆರಾಮ, ಬಿಟ್ಟ ವಾರಕ್ಕೆ ಮತ್ತದೇ ಹಾಡು.

ಜೋಳದ ನುಚ್ಚು ಹುಳಿ ಬರಿಸಿ ಕುಡೀತೀನಿ ಅಂದಾಗ ಹೆಂಡತಿ ನಕ್ಕಳು. "ಅದು ಹೊಲದಾಗ ದುಡಿಯೋರ ಊಟ ರೀ, ಗಲ್ಲಾದ ಮ್ಯಾಲೆ ಕೂತೋರಿಗೆ ಹೆಂಗ ಕರಗತೈತಿ?" ಭಾವಮೈದ ಔಷಧಿ ಅಂಗಡಿಯವನು, ಅವನಂತೂ "ಮಾಮಾ, ಇದ್ದ ಹೊಟ್ಟಿನೂ ಕೆಡಿಸ್ಕೋತೀರಿ" ಅಂದ.

ಮಾಡೋದು ನಿಮಗೆ ಗೊತ್ತೇ ಇದೆ. ಮಾಲದಂಡಿ ತಳಿಯ ಬಿಳಿ ಜೋಳ ತಂದು ಗಿರಣಿಯಲ್ಲಿ ನುಚ್ಚು ಒಡೆಸಿ, ರಾತ್ರಿ ತೆಳ್ಳಗೆ ಕುದಿಸಿ, ಆರಿಸಿ, ಮಜ್ಜಿಗೆ ಬೆರೆಸಿ ಗಡಿಗೆಯಲ್ಲಿಡೋದು. ಆಟ ಇರೋದು ಆರಿಸೋದರಲ್ಲಿ. ಬಿಸಿ ಇದ್ದಾಗಲೇ ಮಜ್ಜಿಗೆ ಹಾಕಿದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಸತ್ತೇ ಹೋಗುತ್ತವೆ. ಹಾಗಾದ ಒಂದು ಗಡಿಗೆ ಹುಳಿಯೇ ಬರಲಿಲ್ಲ. ಬೆಳಿಗ್ಗೆ ಸೌಟು ಎತ್ತಿದರೆ ಲೋಳೆ ಎಳೆ ಎಳೆಯಾಗಿ ಜೋತಾಡಿತು, ವಾಸನೆಗೆ ಮೂಗು ಮುಚ್ಚಬೇಕು. ಎಲ್ಲ ಚೆಲ್ಲಿದೆ. ಈಗ ಬೆರಳಿಟ್ಟರೆ ಉಗುರು ಬೆಚ್ಚಗೂ ಅನ್ನಿಸಬಾರದು, ಆಮೇಲೇ ಮಜ್ಜಿಗೆ.

ಏಪ್ರಿಲ್‌ನಲ್ಲಿ ಇನ್ನೊಂದು ಗೋಳು. ಸಂಜೆ ಇಟ್ಟದ್ದು ಬೆಳಗಾಗೋದರಲ್ಲಿ ನೊರೆ ಬಂದು ಮುಚ್ಚಳ ಎತ್ತಿತ್ತು, ಹೆಂಡದ ವಾಸನೆ. ಬೇಸಿಗೆಯಲ್ಲಿ 6-7 ತಾಸು ಸಾಕು. ಡಿಸೆಂಬರ್‌ನಲ್ಲಿ ಗಡಿಗೆಗೆ ಕೌದಿ ಸುತ್ತಿದರೂ 12 ತಾಸು ಬೇಕು. ಉಪ್ಪು ಮೊದಲೇ ಹಾಕಿದರೆ ಹುಳಿ ನಿಧಾನ, ಅದು ಕುಡಿಯುವಾಗ ಇರಲಿ. ನಳದ ನೀರಿಗೆ ಬ್ಲೀಚಿಂಗ್ ವಾಸನೆ ಇದ್ದರೆ ಕುದಿಸಿ ಆರಿಸಿದ ನೀರೇ ಬಳಸಿ. ಹೆಪ್ಪಿಗೆ ನಾನು ಬರೀ ಮಜ್ಜಿಗೆ ಹಾಕೋದಿಲ್ಲ, ಇನ್ನೊಂದೂ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರಾನೇ ಇರಲಿ.

ಮೊದಲ ವಾರ 3-4 ಚಮಚ ಮಾತ್ರ. ಆಮೇಲೆ ಅರ್ಧ ಲೋಟ, ತಿಂಗಳಾದ ಮೇಲೆ ಪೂರ್ತಿ. ನಾರು ಒಮ್ಮೆಲೇ ಜಾಸ್ತಿಯಾದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಕೊಳೆಸುವಾಗ ಗ್ಯಾಸು ಎದ್ದೇ ಏಳುತ್ತೆ. ಎಷ್ಟೋ ಜನ ಅಲ್ಲೇ ಬಿಟ್ಟುಬಿಡ್ತಾರೆ. ಭಾವಮೈದ ಪರೀಕ್ಷೆ ಮಾಡ್ತೀನಿ ಅಂತ ಒಂದೇ ದಿನ ದೊಡ್ಡ ಲೋಟ ಇಳಿಸಿ, ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡು ಅಂಗಳದಲ್ಲಿ ಅಡ್ಡಾಡಿದ. ನನಗೆ ಆರನೇ ವಾರದ ಸುಮಾರಿಗೆ ಸಂಡಾಸು ಹೊತ್ತಿಗೆ ಸರಿಯಾಗಿ ಬರತೊಡಗಿತು. ಇಸಬಗೋಲಿನ ಡಬ್ಬಿ ಈಗ ಅಟ್ಟದ ಮೇಲಿದೆ. ಖರ್ಚು ದಿನಕ್ಕೆ 10 ರೂಪಾಯಿ ಒಳಗೆ, ಮಜ್ಜಿಗೆ ಮನೇದೇ.

ಮಧ್ಯಾಹ್ನ ರೊಟ್ಟಿ ಇದ್ದೇ ಇರುತ್ತೆ. ಜೋಳದಲ್ಲಿ 100 ಗ್ರಾಂಗೆ 10 ಗ್ರಾಂನಷ್ಟು ನಾರಿದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಸಹ ಸಿಗೋದು ಕಷ್ಟ. ಜೊತೆಗೆ ಹಸಿ ಹಕ್ಕರಕಿ ಸೊಪ್ಪು, ಮೊಳಕೆ ಮಡಕಿ ಕಾಳಿನ ಪಲ್ಯ. ಅಗಸಿ ಚಟ್ನಿಯನ್ನು ಒಮ್ಮೆ ಕಿಲೋಗಟ್ಟಲೆ ಕುಟ್ಟಿಸಿದ್ದೆವು, ಸ್ವಲ್ಪ ದಿನಕ್ಕೇ ಹಳೆ ಎಣ್ಣೆ ವಾಸನೆ ಹಿಡಿಯಿತು. ಈಗ ವಾರಕ್ಕೆ ಬೇಕಾದಷ್ಟೇ.

ನಡುವೆ ಗಜ್ಜರಿ (ಕ್ಯಾರೆಟ್), ಬೀಟ್‌ರೂಟ್ ಉಪ್ಪುನೀರಲ್ಲಿ ಹುಳಿ ಬರಿಸಿದೆ, ಲೀಟರಿಗೆ 20-25 ಗ್ರಾಂ ಉಪ್ಪು. ರುಚಿ ಚೆನ್ನಾಗಿತ್ತು. ಗಜ್ಜರಿ ಬರಣಿಯ ಬಳ್ಳೊಳ್ಳಿ ಮಾತ್ರ ನೀಲಿ ತಿರುಗಿತು. ಹುಳಿ ತಗಲಿದರೆ ಹಾಗಾಗುತ್ತೆ, ತಿಂದರೆ ಏನೂ ಆಗಲ್ಲ. ಆದ್ರೂ ಮನೆಯಲ್ಲಿ ಯಾರೂ ಮುಟ್ಟಲಿಲ್ಲ, ಬರಣಿ ಪೂರ್ತಿ ನನಗೇ.

ಸಂಡಾಸಿನಲ್ಲಿ ರಕ್ತ ಬಿದ್ದರೆ, ಸುಮ್ಮಸುಮ್ನೆ ತೂಕ ಇಳಿದರೆ ಅಂಬಲಿ ಬಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ಈಗ ಗದಗಿನಿಂದ ನವಣೆ ತರಿಸಿ ಅದರ ಅಂಬಲಿಗೆ ಕೈ ಹಾಕಿದ್ದೇನೆ. ಹುಳಿ ಬೇಗ ಬರುತ್ತೆ, ಆದರೆ ತಳದಲ್ಲಿ ಗಸಿ ಕೂತು ಮೇಲೆ ಬರೀ ನೀರು ನಿಲ್ಲುತ್ತೆ. ಕುದಿಸೋದು ಇನ್ನೂ ಜಾಸ್ತಿ ಬೇಕೇನೋ.