ಗಿಂಕೊ ಮಾತ್ರೆ: ಡಬ್ಬಿಯ ಮೇಲಿನ ಲೆಕ್ಕ ಓದುವುದು ಹೇಗೆ?

ಮರೆವಿಗೆ ಮದ್ದು ಎಂದು ಮಾರುವ ಗಿಂಕೊ ಮಾತ್ರೆ ಚೀನಾ ಮೂಲದ ಮರವೊಂದರ ಎಲೆಯಿಂದ ತಯಾರಾದದ್ದು. ಡೈನೋಸಾರ್‌ಗಳಿದ್ದ ಕಾಲದ ಕುಲವಿದು. ಬಂಧುಬಳಗವೆಲ್ಲ ಅಳಿದು ಈ ಒಂದೇ ಪ್ರಭೇದ ಉಳಿದಿದೆ. 1945ರಲ್ಲಿ ಹಿರೋಶಿಮಾದಲ್ಲಿ ಬಾಂಬ್ ಸಿಡಿದ ಜಾಗದಿಂದ ಸುಮಾರು 1.1 ಕಿ.ಮೀ. ದೂರದಲ್ಲಿ, ದೇವಾಲಯದ ಅಂಗಳದ ಗಿಂಕೊ ಸುಟ್ಟರೂ ಮತ್ತೆ ಚಿಗುರಿತು. ಮರ ಗಟ್ಟಿ ಎಂದ ಮಾತ್ರಕ್ಕೆ ಮಾತ್ರೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

ಚೀನೀ ವೈದ್ಯದಲ್ಲಿ ಕೆಮ್ಮು, ದಮ್ಮಿಗೆ ಬಳಸುತ್ತಿದ್ದದ್ದು ಬೀಜ. ಎಲೆಯ ಸಾರ ಔಷಧಿಯಾಗಿ ಬಂದದ್ದು ಜರ್ಮನಿಯಿಂದ, 1965ರಲ್ಲಿ.

ಕೊಳ್ಳುವಾಗ ಮೊದಲು ‘ಎಕ್ಸ್‌ಟ್ರ್ಯಾಕ್ಟ್’ (ಸಾರ) ಎಂದಿದೆಯೋ ‘ಲೀಫ್ ಪೌಡರ್’ (ಎಲೆಯ ಪುಡಿ) ಎಂದಿದೆಯೋ ನೋಡಿ. ಮೋಸ ಹೋಗುವುದು ಇಲ್ಲೇ. 50:1 ಸಾರವೆಂದರೆ 50 ಗ್ರಾಂ ಒಣ ಎಲೆಯಿಂದ ತೆಗೆದ 1 ಗ್ರಾಂ. 120 ಮಿ.ಗ್ರಾಂ ಸಾರದ ಹಿಂದೆ 6 ಗ್ರಾಂ ಎಲೆಯಿದೆ, 120 ಮಿ.ಗ್ರಾಂ ಪುಡಿಯಲ್ಲಿ ಇರುವುದು ಬರೀ 120 ಮಿ.ಗ್ರಾಂ ಎಲೆ.

ಆಮೇಲೆ ಸಾರದಲ್ಲಿರಬೇಕಾದ ಎರಡು ಸಸ್ಯಾಂಶಗಳ ಶೇಕಡಾವಾರು: ಫ್ಲೇವೊನಾಯ್ಡ್ ಸುಮಾರು 24, ಟರ್ಪೀನ್ ಲ್ಯಾಕ್ಟೋನ್ 6. ಎರಡನೆಯದೂ ನಮೂದಾಗಿರಲೇಬೇಕು. ಅಗ್ಗದ ಫ್ಲೇವೊನಾಯ್ಡ್ ಆದ ರುಟಿನ್ ಬೆರೆಸಿ ಮೊದಲ ಅಂಕಿಯನ್ನು ಏರಿಸಬಹುದು, ಎರಡನೆಯದನ್ನು ಹಾಗೆ ಏರಿಸಲಾಗದು. ಅಲರ್ಜಿ ತರುವ ಗಿಂಕೋಲಿಕ್ ಆಮ್ಲ 5 ಪಿಪಿಎಂ (ಹತ್ತು ಲಕ್ಷದಲ್ಲಿ 5 ಪಾಲು) ಮೀರಬಾರದು. ಸೋಸಿ ತೆಗೆಯದ ಕಾರಣ ಮನೆಯಲ್ಲಿ ಕುದಿಸಿದ ಎಲೆ ಚಹಾದಲ್ಲಿ ಇದರ ಪ್ರಮಾಣ ಹೇಳುವಂತಿಲ್ಲ.

ಪ್ರಮಾಣ: ಸೌಮ್ಯ ಡಿಮೆನ್ಶಿಯಾಗೆ (ಮರೆವಿನ ಕಾಯಿಲೆ) ಯುರೋಪಿನಲ್ಲಿ ದಿನಕ್ಕೆ 240 ಮಿ.ಗ್ರಾಂ ಸಾರ, ಕನಿಷ್ಠ 8 ವಾರ. ಆದರೆ ಮರೆವು ಬಾರದಂತೆ ತಡೆಯಲು ನುಂಗುವುದು ದುಡ್ಡು ದಂಡ. 75 ದಾಟಿದ 3,069 ಜನರ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ (ಫಲಿತಾಂಶ: 2008) ದಿನಕ್ಕೆರಡು ಬಾರಿ 120 ಮಿ.ಗ್ರಾಂ ಕೊಟ್ಟರೂ ಡಿಮೆನ್ಶಿಯಾ ಕಡಿಮೆಯಾಗಲಿಲ್ಲ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಕ್ಲೋಪಿಡೊಗ್ರೆಲ್, ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಭಯವಿದೆ. ವೈದ್ಯರನ್ನು ಕೇಳದೆ ಮುಟ್ಟಬೇಡಿ. ಶಸ್ತ್ರಚಿಕಿತ್ಸೆಯಿದ್ದರೆ ಕೊನೆಪಕ್ಷ 3–4 ದಿನ ಮುಂಚೆ ನಿಲ್ಲಿಸಬೇಕು. ಗರ್ಭಿಣಿಯರಿಗೆ ಬೇಡವೇ ಬೇಡ. ಮೂರ್ಛೆರೋಗ ಇರುವವರಿಗೆ ಫಿಟ್ಸ್ ಮರುಕಳಿಸುವ ಅಪಾಯವಿದೆ.

ಜಪಾನ್, ಅಮೆರಿಕದಲ್ಲಿರುವ ಕನ್ನಡಿಗರಿಗೊಂದು ಮಾತು. ಶರತ್ಕಾಲದಲ್ಲಿ ಬೀದಿಬದಿ ಉದುರುವ ಗಿಂಕೊ ಹಣ್ಣಿನ ತಿರುಳು ಮುಗ್ಗಿದ ಬೆಣ್ಣೆಯಂತೆ ನಾರುತ್ತದೆ, ತಾಗಿದರೆ ಚರ್ಮ ತುರಿಸಿ ಗುಳ್ಳೆ ಏಳುತ್ತದೆ. ಬೀಜವನ್ನು ಕೈಗವಸು ಹಾಕಿಯೇ ತೊಳೆಯಿರಿ. ಹಸಿಯಾಗಿ ತಿನ್ನಬಾರದು. ಅದರ ವಿಷ ಬಿ6 ಜೀವಸತ್ವದ ಕೆಲಸ ತಡೆದು ಫಿಟ್ಸ್ ತರುತ್ತದೆ, ಹುರಿದರೂ ಪೂರ್ತಿ ಹೋಗದು. ದೊಡ್ಡವರು ಹುರಿದದ್ದು ನಾಲ್ಕಾರು ತಿಂದರೆ ಸಾಕು. ಪುಟ್ಟ ಮಕ್ಕಳಿಗೆ ಒಂದೂ ಕೊಡಬೇಡಿ.