ಟ್ರೇಲರ್ ಎಸಿ ಗಾಳಿ ದಾರಿಯಲ್ಲೇ ಸೋರಿಹೋಗುತ್ತಿದೆಯೇ?

ಚಾವಣಿಯ ಮೇಲೆ ಎಸಿ ಸದ್ದು ಮಾಡುತ್ತಲೇ ಇರುತ್ತದೆ. ಅದರ ಕೆಳಗೆ ನಿಂತರೆ ತಲೆ ತಣ್ಣಗಾಗುತ್ತದೆ, ನಾಲ್ಕು ಹೆಜ್ಜೆ ದೂರದ ಮಲಗುವ ಕೋಣೆಯಲ್ಲಿ ಮಾತ್ರ ಬೆವರು. ವೆಂಟಿನ ಕೆಳಗೆ ಕೈ ಹಿಡಿದರೆ ಗಾಳಿ ಬರುತ್ತಿದೆಯೋ ಇಲ್ಲವೋ ಎಂದೇ ಗೊತ್ತಾಗದು. ಕಾರಿಗೆ ಕಟ್ಟಿ ಎಳೆದೊಯ್ಯುವ ಟ್ರಾವೆಲ್ ಟ್ರೇಲರ್ ಇರುವವರಲ್ಲಿ ಅನೇಕರು ಈ ಹಂತದಲ್ಲಿ ಯಂತ್ರವೇ ಚಿಕ್ಕದಾಯಿತು ಎಂದು ತೀರ್ಮಾನಿಸಿ, 13,500 ಬಿಟಿಯು (ತಂಪು ಮಾಡುವ ಶಕ್ತಿಯ ಅಳತೆ) ಎಸಿ ತೆಗೆಸಿ 15,000 ಬಿಟಿಯು ಎಸಿ ಕೂರಿಸುತ್ತಾರೆ. ಆದರೂ ಕೊನೆಯ ವೆಂಟಿನಲ್ಲಿ ಗಾಳಿ ಅಷ್ಟೇ. ತೂತು ಬಿದ್ದ ಕೊಡಕ್ಕೆ ದೊಡ್ಡ ನಲ್ಲಿಯಿಂದ ನೀರು ಬಿಟ್ಟ ಹಾಗೆ ಅದು.

ಯಂತ್ರಕ್ಕೂ ವೆಂಟಿಗೂ ನಡುವಿನ ದಾರಿಯನ್ನು ಮೊದಲು ನೋಡಿ. ಅನೇಕ ಟ್ರೇಲರ್‌ಗಳಲ್ಲಿ ತಪ್ಪಿರುವುದು ಅಲ್ಲೇ. ಅದನ್ನು ಸರಿಪಡಿಸಲು ಬೇಕಾಗುವುದು ಅಲ್ಯುಮಿನಿಯಂ ಫಾಯಿಲ್ ಟೇಪ್, ಒಂದು ಫೋಮ್ ಹಲಗೆ, ಚೂಪಾದ ಚಾಕು, ಟಾರ್ಚು ಮತ್ತು ಬಿಡುವಾದ ಒಂದು ದಿನ.

ಗಾಳಿ ಹೋಗುವ ದಾರಿ

ಚಾವಣಿ ಎಸಿ ಸಾಮಾನ್ಯವಾಗಿ 14 ಇಂಚಿನಷ್ಟು ಉದ್ದಗಲದ ಚೌಕ ತೂತಿನ ಮೇಲೆ ಕುಳಿತಿರುತ್ತದೆ. ಕೋಣೆಯ ಬಿಸಿಗಾಳಿ ಫಿಲ್ಟರ್ ದಾಟಿ ಈ ತೂತಿನ ಒಂದು ಭಾಗದಿಂದ ಮೇಲೇರುತ್ತದೆ, ತಣ್ಣನೆಯ ಕಾಯಿಲ್ (ಕೊಳವೆಸುರುಳಿ) ಮೂಲಕ ಹಾಯುತ್ತದೆ, ಫ್ಯಾನು ಅದನ್ನು ಅದೇ ತೂತಿನ ಇನ್ನೊಂದು ಭಾಗದಿಂದ ಕೆಳಕ್ಕೆ ತಳ್ಳುತ್ತದೆ. ಕೆಳಗೆ ಬಂದ ತಂಪು ಗಾಳಿ ಪಕ್ಕಕ್ಕೆ ತಿರುಗಿ, ಚಾವಣಿಯ ಒಳಗೆ ಹುದುಗಿರುವ ಗಾಳಿಕೊಳವೆಗಳಾದ ಡಕ್ಟ್‌ಗಳನ್ನು ಹೊಕ್ಕು ವೆಂಟುಗಳತ್ತ ಹೋಗಬೇಕು.

ಹೋಗುವ ಗಾಳಿ, ಬರುವ ಗಾಳಿ ಎರಡಕ್ಕೂ ಒಂದೇ ತೂತು. ನಡುವೆ ಇರುವುದು ತೆಳುವಾದ ತಗಡು ಅಥವಾ ಫೋಮಿನ ಒಂದು ಅಡ್ಡಗೋಡೆ. ಅದರ ಅಂಚಿನಲ್ಲಿ ಬೆರಳು ತೂರುವಷ್ಟು ಸಂದಿದ್ದರೂ ಸಾಕು, ತಂಪು ಗಾಳಿ ಸುಲಭದ ದಾರಿ ಹಿಡಿದು ನೇರವಾಗಿ ಯಂತ್ರಕ್ಕೇ ವಾಪಸಾಗುತ್ತದೆ. ಆಗ ತೊಂದರೆಯಾಗುವುದು ಕೋಣೆಗಷ್ಟೇ ಅಲ್ಲ. ಆಗಲೇ ತಣ್ಣಗಿರುವ ಗಾಳಿಯನ್ನು ಮತ್ತೆ ತಣ್ಣಗೆ ಮಾಡಲು ಹೋಗಿ ಕಾಯಿಲ್ ಮೇಲೆ ಮಂಜು ಕಟ್ಟುತ್ತದೆ. ಥರ್ಮೋಸ್ಟಾಟ್ ಎಸಿಯ ಮುಖದಲ್ಲೇ ಇದ್ದರೆ, ಕೋಣೆ ತಣ್ಣಗಾಯಿತೆಂದು ಅದು ಬೇಗನೆ ಕಂಪ್ರೆಸರ್ ನಿಲ್ಲಿಸಿಬಿಡುತ್ತದೆ.

ಬಿಚ್ಚುವ ಮೊದಲು ಅಳೆಯಿರಿ

ಎಸಿಯನ್ನು ಇಪ್ಪತ್ತು ನಿಮಿಷ ಪೂರ್ಣ ವೇಗದಲ್ಲಿ ಓಡಿಸಿ. ಗಾಳಿ ಒಳಹೋಗುವ ಜಾಲರಿಯ ಕೆಳಗೆ, ಕೋಣೆಯ ಗಾಳಿಯಲ್ಲಿ ಒಮ್ಮೆ ಥರ್ಮಾಮೀಟರ್ ಹಿಡಿಯಿರಿ. ಎಸಿಗೆ ತೀರ ಹತ್ತಿರದ ವೆಂಟಿನಲ್ಲಿ ಇನ್ನೊಮ್ಮೆ ಹಿಡಿಯಿರಿ. ಎರಡರ ನಡುವೆ ಸುಮಾರು 9ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ. ಸೆಕೆಯ ಜೊತೆ ತೇವವೂ ಹೆಚ್ಚಿರುವ ದಿನ ಇದು ಸ್ವಲ್ಪ ಕಡಿಮೆ ಬಂದರೆ ಗಾಬರಿ ಬೇಡ, ಯಂತ್ರದ ಶಕ್ತಿಯ ಒಂದು ಪಾಲು ಗಾಳಿಯ ನೀರನ್ನು ಹಿಂಡಲು ಖರ್ಚಾಗುತ್ತದೆ.

ಈಗ ಮೂರನೆಯ ಅಳತೆ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನನ್ನ ಲೆಕ್ಕದಲ್ಲಿ ಮುಖ್ಯವಾದುದೇ ಇದು. ಥರ್ಮಾಮೀಟರನ್ನು ಜಾಲರಿಯ ಒಳಕ್ಕೆ, ಫಿಲ್ಟರಿನ ಮೇಲಕ್ಕೆ ಏರಿಸಿ ಹಿಡಿಯಿರಿ. ಕಾಯಿಲಿಗೆ ಮಾತ್ರ ತಗುಲಿಸಬೇಡಿ. ಅಲ್ಲಿನ ಗಾಳಿ ಕೋಣೆಯ ಗಾಳಿಗಿಂತ ಎರಡು ಮೂರು ಡಿಗ್ರಿ ತಣ್ಣಗಿದ್ದರೆ ಅಡ್ಡಗೋಡೆ ಸೋರುತ್ತಿದೆ ಎಂದೇ ಅರ್ಥ.

ಕೊನೆಗೆ ಟಿಶ್ಯೂ ಕಾಗದದ ಒಂದು ಪಟ್ಟಿಯನ್ನು ಪ್ರತಿ ವೆಂಟಿನ ಕೆಳಗೆ ಹಿಡಿದು, ಎಲ್ಲಿ ಎಷ್ಟು ಹಾರುತ್ತದೆಂದು ಬರೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಹೋಲಿಸಲು ಬೇಕು.

ಸುಲಭದ ಕೆಲಸಗಳು

ಕೆಲವು ಎಸಿಗಳ ಅಡಿಯಲ್ಲಿ ಗಾಳಿಯನ್ನು ನೇರವಾಗಿ ಕೆಳಕ್ಕೆ ಸುರಿಯುವ ಕಿಂಡಿಗಳಿರುತ್ತವೆ. ಅವು ತೆರೆದಿದ್ದರೆ ಡಕ್ಟ್‌ಗೆ ಉಳಿಯುವುದು ಅಲ್ಪ, ಮುಚ್ಚಿ. ಚಾವಣಿಯ ವೆಂಟುಗಳೆಲ್ಲ ತೆರೆದಿವೆಯೇ, ಫ್ಯಾನಿನ ವೇಗ ಹೆಚ್ಚಿನದಕ್ಕೆ ಇದೆಯೇ ನೋಡಿ. ಫಿಲ್ಟರ್ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಧೂಳು ಚೆನ್ನಾಗಿ ಹಿಡಿಯಲಿ ಎಂದು ದಪ್ಪನೆಯ ಫಿಲ್ಟರ್ ತುರುಕುವವರಿದ್ದಾರೆ. ಈ ಪುಟ್ಟ ಫ್ಯಾನಿಗೆ ಅದರ ಮೂಲಕ ಗಾಳಿ ಎಳೆಯುವ ಬಲವಿಲ್ಲ, ತಯಾರಕರು ಕೊಟ್ಟ ತೆಳು ಬಗೆಯದೇ ಇರಲಿ.

ಮೊದಲ ಒಂದೆರಡು ಗಂಟೆ ಗಾಳಿ ಚೆನ್ನಾಗಿ ಬಂದು ಆಮೇಲೆ ಕುಗ್ಗುತ್ತಿದ್ದರೆ, ಎಸಿ ನಿಲ್ಲಿಸಿ ಸ್ವಲ್ಪ ಹೊತ್ತಿನ ನಂತರ ಹಾಕಿದಾಗ ಮತ್ತೆ ಸರಿಯಾಗುತ್ತಿದ್ದರೆ, ಕಾಯಿಲ್ ಮಂಜುಗಟ್ಟುತ್ತಿದೆ. ಕೂಲಿಂಗ್ ನಿಲ್ಲಿಸಿ ಫ್ಯಾನ್ ಮಾತ್ರ ಜೋರಾಗಿ ಓಡಿಸಿದರೆ ಮಂಜು ಕರಗುತ್ತದೆ. ಕಾರಣ ಕೊಳೆ ಹಿಡಿದ ಫಿಲ್ಟರ್ ಇರಬಹುದು, ಕೊಳೆ ಹಿಡಿದ ಕಾಯಿಲ್ ಇರಬಹುದು, ತೇವದ ರಾತ್ರಿಯಲ್ಲಿ ಫ್ಯಾನನ್ನು ಕಡಿಮೆ ವೇಗದಲ್ಲಿ ಓಡಿಸಿದ್ದಿರಬಹುದು, ಅಥವಾ ಆಗಲೇ ಹೇಳಿದ ಅಡ್ಡಗೋಡೆಯ ಸೋರಿಕೆ. ಕಾಯಿಲ್ ಮೇಲಿನ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ಅದರ ತಗಡಿನ ರೆಕ್ಕೆಗಳ ನೇರಕ್ಕೇ ಎಳೆದು ತೆಗೆಯಿರಿ. ಅಡ್ಡಡ್ಡ ಉಜ್ಜಿದರೆ ಆ ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿಗೆ ಮತ್ತಷ್ಟು ಅಡ್ಡಿಯಾಗುತ್ತವೆ.

ಮುಖ್ಯ ಕೆಲಸ: ಚಾವಣಿಯ ಗಾಳಿಪೆಟ್ಟಿಗೆ

ಎಸಿ ಆಫ್ ಮಾಡಿದರೆ ಸಾಲದು. ಹೊರಗಿನ ವಿದ್ಯುತ್ ಕೇಬಲ್ ಕಳಚಿ, ಜನರೇಟರ್ ಮತ್ತು ಇನ್ವರ್ಟರ್ ಎರಡನ್ನೂ ನಿಲ್ಲಿಸಿ. ಎಸಿಯ ಮೋಟಾರಿಗೆ ಚಾಲನೆ ಕೊಡುವ ಕೆಪಾಸಿಟರ್ ಕರೆಂಟು ಹೋದ ಮೇಲೂ ಶಾಕ್ ಹೊಡೆಯುವಷ್ಟು ವಿದ್ಯುತ್ ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ವೈರಿಂಗ್ ಪೆಟ್ಟಿಗೆಯ ಮುಚ್ಚಳ ಮುಟ್ಟುವ ಕೆಲಸ ನಮ್ಮದಲ್ಲ.

ಒಳಗಿನ ಪ್ಲಾಸ್ಟಿಕ್ ಕವಚವನ್ನು ಬಿಚ್ಚಿ ಗಾಳಿಪೆಟ್ಟಿಗೆಯೊಳಗೆ, ಅಂದರೆ ಎಸಿಯ ಅಡಿಯ ಆ ಚೌಕ ತೂತಿನೊಳಗೆ, ಟಾರ್ಚು ಬಿಡಿ. ಮೂಲೆಗಳು ಕಾಣದಿದ್ದರೆ ಫೋನನ್ನು ಒಳಗೆ ಹಿಡಿದು ವಿಡಿಯೊ ತೆಗೆಯಿರಿ. ಕಾರ್ಖಾನೆಯಲ್ಲಿ ಅವಸರದಲ್ಲಿ ಜೋಡಿಸಿದ ಟ್ರೇಲರ್ ಆಗಿದ್ದರೆ ಕಾಣುವುದು ಬಹುತೇಕ ಹೀಗಿರುತ್ತದೆ: ಅಡ್ಡಗೋಡೆಯ ಮೇಲಂಚು ಯಂತ್ರದ ತಳಕ್ಕೆ ತಾಗಿಯೇ ಇಲ್ಲ. ಚಾವಣಿಯ ಮೇಲ್ಪದರಕ್ಕೂ ಕೆಳಪದರಕ್ಕೂ ನಡುವಿನ ಟೊಳ್ಳು ಬಾಯಿ ತೆರೆದುಕೊಂಡಿದೆ, ಕಚ್ಚಾ ಮರ ಮತ್ತು ಇನ್ಸುಲೇಶನ್ ಹತ್ತಿ ಕಣ್ಣಿಗೆ ಬೀಳುತ್ತಿವೆ. ಡಕ್ಟಿನ ಬಾಯಿ ಪೆಟ್ಟಿಗೆಯ ಅಂಚಿನಿಂದ ಇಂಚೆರಡು ಇಂಚು ಹಿಂದೆ ಸರಿದು, ಹರಿದ ಅಂಚುಗಳೊಂದಿಗೆ ನಿಂತಿದೆ. ವೈರು ಹಾಯಿಸಲು ಕೊರೆದ ತೂತು ಹಾಗೇ ಉಳಿದಿದೆ. ಇವೆಲ್ಲದರ ಮೂಲಕ ತಂಪು ಗಾಳಿ ಚಾವಣಿಯ ಟೊಳ್ಳಿಗೆ ನುಗ್ಗಿ ಯಾರಿಗೂ ಸಿಗದೆ ಬಿಸಿಯಾಗಿ ಹೋಗುತ್ತದೆ.

ಅಡ್ಡಗೋಡೆಯಿಂದಲೇ ಶುರು ಮಾಡಿ. ಸಂದಿ ಸಣ್ಣದಾದರೆ ಫಾಯಿಲ್ ಟೇಪ್ ಸಾಕು, ದೊಡ್ಡದಾದರೆ ಫೋಮ್ ಹಲಗೆಯ ತುಂಡನ್ನು ಬಿಗಿಯಾಗಿ ಕೂರುವಂತೆ ಕತ್ತರಿಸಿ ಇಟ್ಟು ಅದರ ಎಲ್ಲ ಅಂಚಿಗೂ ಟೇಪ್ ಎಳೆಯಿರಿ. ಮಾಮೂಲಿ ಬಟ್ಟೆಯ ಡಕ್ಟ್ ಟೇಪ್ ಬೇಡವೇ ಬೇಡ. ಬಿಸಿಲಿಗೆ ಕಾದ ಚಾವಣಿಯಲ್ಲಿ ಅದರ ಅಂಟು ಕರಗಿ ಒಂದೆರಡು ಬೇಸಿಗೆಯಲ್ಲಿ ಜೋತುಬೀಳುತ್ತದೆ. ಫಾಯಿಲ್ ಟೇಪ್ ಕೂಡ ಧೂಳಿನ ಮೇಲೆ ನಿಲ್ಲುವುದಿಲ್ಲ. ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟು, ಟೇಪ್ ಹಚ್ಚಿದ ಮೇಲೆ ಚಮಚದ ಬೆನ್ನಿನಿಂದ ಗಟ್ಟಿಯಾಗಿ ಉಜ್ಜಿ. ಒರಟು ಮರದ ಮೇಲೆ ಟೇಪ್ ಸರಿಯಾಗಿ ಹಿಡಿಯದು. ಅಲ್ಲಿ ಒಂದು ಬದಿಗೆ ಫಾಯಿಲ್ ಇರುವ ಫೋಮ್ ಹಲಗೆಯನ್ನು ಗೋಡೆಯಂತೆ ಕೂರಿಸಿ, ಟೇಪನ್ನು ಆ ಹಲಗೆಗೆ ಅಂಟಿಸಿ.

ನಂತರ ಡಕ್ಟಿನ ಬಾಯಿ. ಹರಿದ ಅಂಚನ್ನು ಚಾಕುವಿನಿಂದ ಸಾಪಾಗಿ ಕತ್ತರಿಸಿ, ಪೆಟ್ಟಿಗೆಯ ಗೋಡೆಗೂ ಡಕ್ಟಿಗೂ ನಡುವಿನ ಅಂತರವನ್ನು ನಾಲ್ಕೂ ಬದಿ ಟೇಪಿನಿಂದ ಬೆಸೆಯಿರಿ. ಗಾಳಿ ಮೇಲಿನಿಂದ ರಭಸದಲ್ಲಿ ಇಳಿದು ಚಪ್ಪಟೆ ತಳಕ್ಕೆ ಬಡಿದು ಸುಳಿಯಾಗಿ ಸುತ್ತುವ ಬದಲು ನಯವಾಗಿ ಪಕ್ಕಕ್ಕೆ ತಿರುಗುವಂತೆ, 45 ಡಿಗ್ರಿ ಓರೆಯ ಫೋಮ್ ತುಂಡನ್ನು ತಳದಲ್ಲಿ ಕೂರಿಸಬಹುದು. ಎರಡು ದಿಕ್ಕಿಗೂ ಡಕ್ಟ್ ಇದ್ದರೆ ಎರಡು ಓರೆ, ನಡುವೆ ದಿಣ್ಣೆ. ಇದೇ ತತ್ವದ ಸಿದ್ಧ ಫೋಮ್ ತುಂಡುಗಳೂ ಮಾರಾಟಕ್ಕಿವೆ. ಆದರೆ ಎಸಿಯ ಮಾದರಿ ಮತ್ತು ಚಾವಣಿಯ ದಪ್ಪಕ್ಕೆ ಹೊಂದುವುದನ್ನೇ ಕೊಳ್ಳಬೇಕು. ಸ್ವಂತ ಕತ್ತರಿಸುವುದಾದರೆ ಮೊದಲು ರಟ್ಟಿನಲ್ಲಿ ಅಳತೆ ತೆಗೆಯಿರಿ.

ಈ ಕೆಲಸದ ನಡುವೆ ಎರಡು ಎಚ್ಚರ. ಬಿಸಿಗಾಳಿ ಒಳಹೋಗುವ ಭಾಗವನ್ನು ಫೋಮಿನಿಂದ ಕಿರಿದು ಮಾಡಬೇಡಿ, ಅಲ್ಲಿ ಕಟ್ಟಿದರೆ ಇಡೀ ಎಸಿಗೇ ಉಸಿರು ಕಟ್ಟುತ್ತದೆ. ಕಾಯಿಲ್‌ಗೆ ಸಿಕ್ಕಿಸಿದ ಸೆನ್ಸರ್ ವೈರನ್ನು ಕದಲಿಸಬೇಡಿ, ಅದರ ಮೇಲೆ ಟೇಪ್ ಹಚ್ಚಬೇಡಿ. ಮಂಜು ಕಟ್ಟಿದಾಗ ಕಂಪ್ರೆಸರ್ ನಿಲ್ಲಿಸುವುದು ಅದೇ.

ಪೆಟ್ಟಿಗೆ ತೆರೆದಿರುವಾಗಲೇ ಯಂತ್ರವನ್ನು ಚಾವಣಿಗೆ ಹಿಡಿದಿರುವ ಬೋಲ್ಟುಗಳ ಬಿಗಿತ ನೋಡಿ. ಯಂತ್ರಕ್ಕೂ ಚಾವಣಿಗೂ ನಡುವಿನ ಫೋಮ್ ಗ್ಯಾಸ್ಕೆಟ್ ಒಂದು ಬದಿ ಸಡಿಲವಿದ್ದರೆ ಅಲ್ಲಿ ಗಾಳಿಯೂ ಹೋಗುತ್ತದೆ, ಮಳೆನೀರೂ ಬರುತ್ತದೆ. ಅನೇಕ ತಯಾರಕರು ಗ್ಯಾಸ್ಕೆಟ್ ಸುಮಾರು ಅರ್ಧ ಇಂಚಿಗೆ ಒತ್ತಿಕೊಳ್ಳುವಷ್ಟು ಬಿಗಿ ಮಾಡಲು ಹೇಳುತ್ತಾರೆ. ನಿಮ್ಮ ಕೈಪಿಡಿಯ ಅಳತೆಯೇ ಅಂತಿಮ. ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ ತಿರುಗಿಸಿ. ವಿಪರೀತ ಬಿಗಿದರೆ ಗ್ಯಾಸ್ಕೆಟ್ ಸತ್ತುಹೋಗುತ್ತದೆ.

ಒಂದೊಂದೇ ವೆಂಟು

ವೆಂಟಿನ ಸ್ಕ್ರೂ ತೆಗೆದು ಕೆಳಗಿಳಿಸಿ ಒಳಗೆ ಇಣುಕಿ. ಡಕ್ಟಿನ ತಳ ಅರ್ಧ ಮಾತ್ರ ಕತ್ತರಿಸಿರಬಹುದು, ಫಾಯಿಲಿನ ನಾಲಗೆಯೊಂದು ತೂತಿಗೆ ಅಡ್ಡ ಜೋತಿರಬಹುದು, ಫೋಮಿನ ಚೂರು, ಮರದ ಹೊಟ್ಟು ರಾಶಿ ಬಿದ್ದಿರಬಹುದು. ಚೂರುಗಳನ್ನು ವ್ಯಾಕ್ಯೂಮಿನಿಂದ ಎಳೆದು, ತೂತನ್ನು ವೆಂಟಿನ ಅಳತೆಗೆ ಬಿಡಿಸಿ. ಚಾಕು ತಳವನ್ನಷ್ಟೇ ಕತ್ತರಿಸಲಿ, ಆಳಕ್ಕೆ ಇಳಿಸಬೇಡಿ. ಸುತ್ತಮುತ್ತ ವೈರುಗಳಿರುತ್ತವೆ. ಆಮೇಲೆ ಡಕ್ಟಿನ ಅಂಚಿನಿಂದ ಚಾವಣಿಯ ಹಲಗೆಯ ಅಂಚಿಗೆ ಟೇಪ್ ಮಡಚಿ ಹಚ್ಚಿ, ಟೇಪಿನ ತುದಿ ವೆಂಟಿನ ಚೌಕಟ್ಟಿನ ಮರೆಗೆ ಬರಲಿ. ಒಂದೊಂದು ವೆಂಟಿಗೆ ಕಾಲು ಗಂಟೆ ಹಿಡಿಯುವ ಬೇಸರದ ಕೆಲಸ ಇದು. ಆದರೂ ಒಂದನ್ನೂ ಬಿಡಬೇಡಿ.

ಕೊನೆಯ ವೆಂಟಿನಾಚೆಗೂ ಡಕ್ಟ್ ಗೋಡೆಯವರೆಗೆ ಮುಂದುವರಿದಿರಬಹುದು, ಅದರ ತುದಿಯನ್ನು ಮುಚ್ಚಿರುತ್ತಾರೆಂಬ ಖಾತರಿಯಿಲ್ಲ. ವೆಂಟಿನಿಂದ ಒಂದೆರಡು ಇಂಚು ಆಚೆಗೆ ಫೋಮ್ ತುಂಡು ತುರುಕಿ ಟೇಪ್ ಹಾಕಿ. ಆಚೆಗೆ ಬೇರೆ ಕವಲು ಹೋಗಿಲ್ಲ ಎಂಬುದನ್ನು ಮೊದಲು ಕ್ಯಾಮೆರಾ ಬಿಟ್ಟು ಖಚಿತಪಡಿಸಿಕೊಳ್ಳಿ.

ಹೋದ ಗಾಳಿ ಮರಳಿ ಬರಬೇಕು

ಮಲಗುವ ಕೋಣೆಯ ಬಾಗಿಲು ಬಿಗಿಯಾಗಿ ಮುಚ್ಚಿದರೆ ಒಳಗೆ ಬಂದ ಗಾಳಿಗೆ ಹೊರಹೋಗಲು ದಾರಿಯಿಲ್ಲ, ಹೊಸ ಗಾಳಿ ಬರಲು ಒತ್ತಡ ಬಿಡದು. ಡಕ್ಟ್ ಎಷ್ಟೇ ಚೆನ್ನಾಗಿದ್ದರೂ ಆ ವೆಂಟು ಮಂಕಾಗುತ್ತದೆ. ಬಾಗಿಲನ್ನು ಸ್ವಲ್ಪ ತೆರೆದಿಡಿ, ಇಲ್ಲವೇ ಬಾಗಿಲ ಕೆಳಗೆ ಜಾಲರಿ ಹಾಕಿಸಿ. ಟೇಪ್ ಕೆಲಸ ಆದ ಮೇಲೂ ದೂರದ ಕೋಣೆ ಸೊರಗಿದ್ದರೆ ಹತ್ತಿರದ ವೆಂಟನ್ನು ಅರ್ಧ ಮುಚ್ಚಿ ಗಾಳಿಯನ್ನು ಮುಂದಕ್ಕೆ ತಳ್ಳಬಹುದು. ಹಲವು ವೆಂಟುಗಳನ್ನು ಒಟ್ಟಿಗೆ ಮುಚ್ಚಿದರೆ ಮತ್ತೆ ಮಂಜಿನ ಸಮಸ್ಯೆ. ವೆಂಟಿನೊಳಗೆ ಕೂರುವ 12 ವೋಲ್ಟಿನ ಪುಟ್ಟ ಫ್ಯಾನುಗಳೂ ಇವೆ, ಸೋರಿಕೆ ಮುಚ್ಚುವ ಮೊದಲು ಅವನ್ನು ಹಾಕುವುದು ದುಡ್ಡು ದಂಡ.

ವೋಲ್ಟೇಜ್ ಕುಸಿದರೂ ಫ್ಯಾನು ನಿಧಾನವಾಗುತ್ತದೆ. ಉದ್ದನೆಯ ತೆಳು ಎಕ್ಸ್‌ಟೆನ್ಶನ್ ಕೇಬಲ್ ಇದಕ್ಕೆ ಸಾಮಾನ್ಯ ಕಾರಣ. ಉತ್ತರ ಅಮೆರಿಕದ 120 ವೋಲ್ಟ್ ಟ್ರೇಲರ್‌ಗಳಲ್ಲಿ ಎಸಿ ಓಡುವಾಗ ಮೀಟರ್ 105ಕ್ಕಿಂತ ಕೆಳಗೆ ತೋರಿಸಿದರೆ ತಕ್ಷಣ ನಿಲ್ಲಿಸಿ, ಕಂಪ್ರೆಸರ್ ಸುಟ್ಟೀತು. ವೋಲ್ಟೇಜ್ ಸರಿಯಿದ್ದೂ ಫ್ಯಾನು ನಿಧಾನವಾಗಿ ತಿರುಗುತ್ತಿದ್ದರೆ ಕೆಪಾಸಿಟರ್ ದುರ್ಬಲವಾಗಿರುವ ಸಾಧ್ಯತೆ ಹೆಚ್ಚು, ಅದನ್ನು ಬದಲಿಸಲು ಮೆಕ್ಯಾನಿಕ್ ಬೇಕು.

ಎಲ್ಲವನ್ನೂ ಮುಚ್ಚಿ ಕವಚ ಹಾಕಿದ ಮೇಲೆ ಅದೇ ಟಿಶ್ಯೂ, ಅದೇ ಥರ್ಮಾಮೀಟರ್ ಹಿಡಿದು ಮತ್ತೊಂದು ಸುತ್ತು ಬನ್ನಿ. ಗಾಳಿ ಎಲ್ಲೆಡೆ ಬಲವಾಗಿದ್ದೂ ತಾಪಮಾನದ ವ್ಯತ್ಯಾಸ 9 ಡಿಗ್ರಿಗಿಂತ ತೀರ ಕಡಿಮೆ ಉಳಿದರೆ, ಮೇಲೆ ಹತ್ತಿ ಹೊರಗಿನ ಕಾಯಿಲ್ ಶುಚಿಯಾಗಿದೆಯೇ ನೋಡಿ. ಅದೂ ಸರಿಯಿದ್ದರೆ ಅನುಮಾನ ಗ್ಯಾಸಿನ ಮೇಲೆ. ಬಹುತೇಕ ಚಾವಣಿ ಎಸಿಗಳಲ್ಲಿ ಗ್ಯಾಸ್ ಕೊಳವೆಗಳನ್ನು ಕಾರ್ಖಾನೆಯಲ್ಲೇ ಬೆಸೆದು ಮುಚ್ಚಿರುತ್ತಾರೆ, ತುಂಬಲು ಬಾಯಿಯೇ ಇರುವುದಿಲ್ಲ. ಹೊಸ ಎಸಿಯ ಮಾತು ಬರಬೇಕಾದದ್ದು ಆಗ. ಒಂದರ ಜೊತೆಗೆ ಇನ್ನೊಂದು ಎಸಿ ಹಾಕಿಸುವ ಯೋಚನೆಯಿದ್ದರೆ ಟ್ರೇಲರಿನ ವಿದ್ಯುತ್ ಸಂಪರ್ಕ 30 ಆಂಪಿನದೋ 50 ಆಂಪಿನದೋ ಮೊದಲು ನೋಡಿಕೊಳ್ಳಿ. ಲೋಡ್ ಹಂಚುವ ಸಾಧನವಿಲ್ಲದೆ 30 ಆಂಪಿನಲ್ಲಿ ಎರಡೂ ಒಟ್ಟಿಗೆ ಓಡಿದರೆ ಬ್ರೇಕರ್ ಬೀಳುವ ಸಾಧ್ಯತೆ ಹೆಚ್ಚು.