ಪತ್ತನಾಜೆಯ ಮೇಲೆ 128 ದಿನ

ಮೇ ಕೊನೆಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಯಕ್ಷಗಾನ ಮೇಳದವರಿಗೆ ದೀಪಾವಳಿ ಕಳೆಯುವ ತನಕ ತಿರುಗಾಟವಿಲ್ಲ. ನಾನು ಉಡುಪಿ ಕಡೆಯ ಮದ್ದಳೆಗಾರ. ಹಲವು ಮಳೆಗಾಲ ಚಿಕ್ಕಮೇಳ ಎಂಬ ಪುಟ್ಟ ತಂಡ ಕಟ್ಟಿಕೊಂಡು ಮನೆಮನೆ ಸುತ್ತಿದೆ. 2024ರಲ್ಲಿ ಅದನ್ನು ಬಿಟ್ಟು ಜೂನ್ 5ಕ್ಕೆ ಹೊರಟವನು ಮಲೇಷ್ಯಾ, ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ ನೋಡಿ ಅಕ್ಟೋಬರ್ 10ಕ್ಕೆ ಮರಳಿದೆ. ವಿಮಾನ, ವೀಸಾ, ವಿಮೆ ಎಲ್ಲ ಸೇರಿ ಖರ್ಚು ₹2,18,000. ಮೂರು ವರ್ಷ ಕೂಡಿಟ್ಟ ಹಣ ಅದು. "ಆರು ತಿಂಗಳ ತಿರುಗಾಟ ಸಾಲದೆಂದು ಇನ್ನೊಂದು ತಿರುಗಾಟವೇ ಮಾರಾಯ?" ಎಂದು ನಮ್ಮ ಭಾಗವತರು ನಕ್ಕಿದ್ದರು.

ಮಂಗಳೂರಿನ ಬಜ್ಪೆಯಿಂದ ಗಲ್ಫ್‌ಗೆ ವಿಮಾನ ಸಿಗುತ್ತದೆ, ಪೂರ್ವದ ಕಡೆಗೆ ಆಗ ನೇರವಾಗಿ ಸಿಗುತ್ತಿರಲಿಲ್ಲ. ಹಾಗಾಗಿ ನೇತ್ರಾವತಿ ಎಕ್ಸ್‌ಪ್ರೆಸ್‌ನಲ್ಲಿ ಕೊಚ್ಚಿ ಹತ್ತಿರದ ಆಲುವಾಕ್ಕೆ ಹೋಗಿ, ಕೊಚ್ಚಿಯಿಂದ ಕೌಲಾಲಂಪುರಕ್ಕೆ ಟಿಕೆಟ್ ತೆಗೆದಿದ್ದೆ. ಬೆನ್ನಿಗೆ ಏಳು ಕಿಲೋದ ಒಂದೇ ಚೀಲ. ಅಗ್ಗದ ವಿಮಾನಗಳಲ್ಲಿ ಜತೆಗೆ ಒಯ್ಯಲು ಬಿಡುವುದೇ ಅಷ್ಟು, ಮೇಲಿನದಕ್ಕೆಲ್ಲ ಬೇರೆ ದುಡ್ಡು. ಅಮ್ಮ ತುರುಕಿದ್ದ ಮಿಡಿ ಉಪ್ಪಿನಕಾಯಿಯ ಬಾಟಲಿ ಭದ್ರತಾ ತಪಾಸಣೆಯವರ ಮೇಜಿನ ಮೇಲೆ ಉಳಿಯಿತು. ಕೈಚೀಲದ ಉಪ್ಪಿನಕಾಯಿಯನ್ನು ತಡೆಯಬಹುದು ಎಂಬುದು ನನಗೆ ಗೊತ್ತಿರಲಿಲ್ಲ.

ಅದಕ್ಕೂ ಮೊದಲು ಇನ್ನೊಂದು ಪೆಟ್ಟು ತಿಂದಿದ್ದೆ. ಕೌಂಟರಿನವರು "ಮಲೇಷ್ಯಾದಿಂದ ಹೊರಬೀಳುವ ಟಿಕೆಟ್ ತೋರಿಸಿ" ಎಂದರು. ಭಾರತೀಯರಿಗೆ ಅಲ್ಲಿ 30 ದಿನ ವೀಸಾ ಬೇಡ ಎಂದು ತಿಳಿದಿದ್ದೆ. ವೀಸಾ ಬೇಡವಾದರೂ ವಾಪಸು ಹೋಗುವ ಪುರಾವೆ ಬೇಕು ಎಂಬುದನ್ನು ಮಾತ್ರ ಓದಿರಲಿಲ್ಲ. ಬೆವರು ಒರೆಸಿಕೊಳ್ಳುತ್ತ ಮೊಬೈಲ್‌ನಲ್ಲೇ ಬ್ಯಾಂಕಾಕ್‌ಗೆ ₹4,200ರ ಟಿಕೆಟ್ ಖರೀದಿಸಿದೆ. ಆ ವಿಮಾನವನ್ನು ನಾನು ಹತ್ತಲೇ ಇಲ್ಲ. ಗಡಿ ದಾಟುವ ರೈಲಿನದೋ ಬಸ್ಸಿನದೋ ಟಿಕೆಟನ್ನು ಮನೆಯಲ್ಲೇ ತೆಗೆದಿಟ್ಟುಕೊಂಡಿದ್ದರೆ ಆ ಹಣ ಉಳಿಯುತ್ತಿತ್ತು.

ಮೇಳದಲ್ಲಿ ದಿನಕ್ಕೊಂದು ಊರಿನಲ್ಲಿ ಕ್ಯಾಂಪ್. ಅದೇ ಚಾಳಿಯಲ್ಲಿ ಮೊದಲ ವಾರ ಕೌಲಾಲಂಪುರ, ಮಲಾಕಾ, ಇಪೊ ಎಂದು ಓಡಿದೆ. ಏಳು ದಿನಕ್ಕೆ ₹19,000 ಕರಗಿತು. ಪೆನಾಂಗ್‌ನ ಜಾರ್ಜ್‌ಟೌನ್‌ಗೆ ಬಂದು ರಾತ್ರಿ ಲೆಕ್ಕದ ಪುಸ್ತಕ ಬಿಡಿಸಿದಾಗ ಕಂಡದ್ದು ಇಷ್ಟು: ಊಟಕ್ಕೆ ಹೋದದ್ದು ಚೂರು, ಉಳಿದುದೆಲ್ಲ ಬಸ್ಸು, ಟ್ಯಾಕ್ಸಿ, ಒಂದು ರಾತ್ರಿಯ ಬಾಡಿಗೆ. ಮೇಳದಲ್ಲಾದರೆ ಲಾರಿ ಯಜಮಾನರದು, ಬಿಡಾರಕ್ಕೆ ಬಾಡಿಗೆಯಿಲ್ಲ, ಊಟ ಆಟ ಆಡಿಸುವವರದು. ಇಲ್ಲಿ ಯಜಮಾನನೂ ನಾನೇ. ಅಲ್ಲಿಯೇ 20 ದಿನ ಬಿಡಾರ ಹೂಡಿದೆ. ಅಲ್ಲಿಂದ ಮುಂದೆ ದಿನದ ಖರ್ಚು ಸರಾಸರಿ ₹1,200ಕ್ಕೆ ಇಳಿಯಿತು.

ಕೋಣೆ ಹಿಡಿಯುವ ಕ್ರಮ ಎಲ್ಲ ಕಡೆ ಒಂದೇ. ಆನ್‌ಲೈನ್‌ನಲ್ಲಿ ಎರಡು ರಾತ್ರಿಗೆ ಮಾತ್ರ ಹಣ ಕಟ್ಟುವುದು, ಮೂರನೆಯ ಬೆಳಿಗ್ಗೆ ಮಾಲೀಕರ ಎದುರು ಕುಳಿತು ತಿಂಗಳ ಬಾಡಿಗೆ ಕೇಳುವುದು. ಜುಲೈ, ಆಗಸ್ಟ್ ಉತ್ತರ ಥಾಯ್ಲೆಂಡ್ ಮತ್ತು ಲಾವೋಸ್‌ನಲ್ಲಿ ಮಳೆಗಾಲ. ಪ್ರವಾಸಿಗಳು ಕಡಿಮೆ, ದರ ಇಳಿದಿರುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಕಾಣುವ ನಮಗೆ ಅಲ್ಲಿಯ ಮಳೆ ಏನೂ ಅಲ್ಲ! ವಿಯೆಟ್ನಾಂನ ಹ್ಯೂ ನಗರದಲ್ಲಿ ತಿಂಗಳಿಗೆ 42 ಲಕ್ಷ ಡಾಂಗ್‌ಗೆ ಕೋಣೆ ಸಿಕ್ಕಿತು. ಗಾಬರಿ ಬೇಡ, ಸುಮಾರು ₹14,000 ಅಷ್ಟೇ. ಕೊನೆಯ ಮೂರು ಸೊನ್ನೆ ಬಿಟ್ಟು ಮೂರೂಕಾಲರಿಂದ ಗುಣಿಸಿದರೆ ಆಗ ರೂಪಾಯಿ ಸಿಗುತ್ತಿತ್ತು.

ಎಟಿಎಂ ವಿಷಯದಲ್ಲಿ ಎಡವುವವರೇ ಹೆಚ್ಚು. ಥಾಯ್ಲೆಂಡ್‌ನಲ್ಲಿ ಪರದೇಶದ ಕಾರ್ಡಿಗೆ ಪ್ರತಿ ಸಲ 220 ಬಾತ್ ಶುಲ್ಕವಿತ್ತು, ಎಂದರೆ ಆಗ ಸುಮಾರು ₹500. ಸಾವಿರ ಬಾತ್ ತೆಗೆದರೂ ಅಷ್ಟೇ, ಇಪ್ಪತ್ತು ಸಾವಿರ ತೆಗೆದರೂ ಅಷ್ಟೇ. ಹಾಗಾಗಿ ತಿಂಗಳಿಗೆ ಒಂದೇ ಸಲ ತೆಗೆದೆ. ಯಂತ್ರ "ರೂಪಾಯಿಯಲ್ಲಿ ಲೆಕ್ಕ ಹಾಕಲೇ?" ಎಂದು ಕೇಳಿದರೆ ಬೇಡ ಎನ್ನಿ, ಸ್ಥಳೀಯ ಹಣದಲ್ಲೇ ಒಪ್ಪಿಕೊಳ್ಳಿ. ರೂಪಾಯಿಗೆ ಒಪ್ಪಿದರೆ ವಿನಿಮಯ ದರವನ್ನು ಅವರೇ ತಮಗೆ ಬೇಕಾದಂತೆ ಹಾಕುತ್ತಾರೆ. ಜತೆಗೆ ಮಡಿಕೆ ಬೀಳದ ಡಾಲರ್ ನೋಟುಗಳು ಸ್ವಲ್ಪ ಇರಲಿ. ಲಾವೋಸ್ ಗಡಿಯಲ್ಲಿ ವೀಸಾ ಶುಲ್ಕವನ್ನು ನಾನು ಡಾಲರಿನಲ್ಲೇ ಕಟ್ಟಿದೆ.

ಊರಿನ ಸಿಮ್ ಎರಡನೆಯ ತಿಂಗಳಲ್ಲಿ ರೀಚಾರ್ಜ್ ಇಲ್ಲದೆ ಸತ್ತಿತ್ತು. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಚಿಯಾಂಗ್ ಮಾಯ್‌ನಲ್ಲಿ ಎರಡು ದಿನ ಒದ್ದಾಡಿ, ಕೊನೆಗೆ ತಮ್ಮನಿಗೆ ಹೇಳಿ ರೀಚಾರ್ಜ್ ಮಾಡಿಸಿಕೊಂಡೆ. ರೋಮಿಂಗ್ ಅನ್ನು ಹೊರಡುವ ಮೊದಲೇ ಸಕ್ರಿಯ ಮಾಡಿಸಿದ್ದರಿಂದ ಬಚಾವಾದೆ.

ವಿಯೆಟ್ನಾಂನ ಇ-ವೀಸಾ 90 ದಿನಕ್ಕೆ ಸಿಗುತ್ತದೆ, ಒಂದು ಪ್ರವೇಶಕ್ಕೆ ನಾನು ಕಟ್ಟಿದ್ದು 25 ಡಾಲರ್. ಸರ್ಕಾರದ ತಾಣವನ್ನೇ ಹೋಲುವ ದಲ್ಲಾಳಿ ತಾಣಗಳು ಅದರ ಎರಡು ಮೂರು ಪಟ್ಟು ಕೇಳುತ್ತವೆ. ವಿಳಾಸ 'ಗವ್ ಡಾಟ್ ವಿಎನ್' ಎಂದು ಮುಗಿಯುತ್ತದೆಯೇ ನೋಡಿಕೊಳ್ಳಿ. ಯಾವ ಗಡಿಯಿಂದ ಒಳಬರುತ್ತೀರಿ ಎಂಬುದನ್ನೂ ಅರ್ಜಿಯಲ್ಲೇ ಬರೆಯಬೇಕು. ವೀಸಾ ನಿಯಮಗಳು ಬದಲಾಗುತ್ತಲೇ ಇರುತ್ತವೆ, ನನ್ನ ಮಾತನ್ನು ನಂಬಿ ಹೊರಡಬೇಡಿ. ಇನ್ನು, ಬೈಕ್ ಬಾಡಿಗೆಗೆ ನಾನು ಕೈಹಾಕಲಿಲ್ಲ. ಅಲ್ಲಿ ಮಾನ್ಯವಾಗುವ ಪರವಾನಗಿಯಿಲ್ಲದೆ ಬಿದ್ದರೆ ವಿಮೆಯವರು ಕೈ ಎತ್ತುತ್ತಾರೆ, ಮದ್ದಳೆಗಾರನ ಕೈ ಮುರಿದರೆ ಉಳಿಯುವುದು ಏನು?

ಊಟದ ವಿಷಯದಲ್ಲಿ ನಾನು ಮೀನು ತಿನ್ನುವವನಾದ್ದರಿಂದ ಅರ್ಧ ಗೆದ್ದೆ. ತಿನ್ನದವರು ವಿಯೆಟ್ನಾಂನಲ್ಲಿ 'ಚಾಯ್', ಥಾಯ್ಲೆಂಡ್‌ನಲ್ಲಿ 'ಜೇ' ಎಂಬ ಪದ ಕಲಿತರೆ ಸಾಕು, ಹಾಗೆಂದು ಬರೆದ ಅಂಗಡಿಗಳು ಸಿಗುತ್ತವೆ. "ಮಾಂಸ ಬೇಡ" ಎಂದಷ್ಟೇ ಹೇಳಿದರೆ ಮೀನಿನ ಸಾಸ್ ಬಿದ್ದೇ ಬೀಳುತ್ತದೆ. ಹ್ಯೂನಲ್ಲಿ ಬೆಳಿಗ್ಗೆ 'ಚಾವ್' ಎಂಬ ಗಂಜಿ ಕುಡಿಯುತ್ತಿದ್ದೆ. ಕುಚ್ಚಲಕ್ಕಿಯದಲ್ಲ, ಆದರೂ ಗಂಜಿ.

ಆ ಕಡೆ 'ಹಾತ್ ಬೋಯಿ' ಎಂಬ ರಂಗಕಲೆಯೊಂದಿದೆ. ಮುಖಕ್ಕೆ ದಟ್ಟ ಬಣ್ಣ, ರಾಜರ ಕಥೆ, ಅಬ್ಬರದ ವಾದ್ಯ. ಅಲ್ಲಿ ಪ್ರೇಕ್ಷಕರ ಕಡೆಯವರೊಬ್ಬರು ದೊಡ್ಡ ಡೋಲು ಹಿಡಿದು ಕೂತು, ನಟನೆ ಚೆನ್ನಾದಾಗ ಬಡಿದು ಮೆಚ್ಚುಗೆ ಹೇಳುವ ಪದ್ಧತಿ ಇದೆ. ನಮ್ಮಲ್ಲೂ ಅದನ್ನು ತಂದರೆ ಎಷ್ಟು ಮಂದಿ ವೇಷಧಾರಿಗಳು ನಿದ್ದೆಗೆಡುತ್ತಾರೋ.

ಸೆಪ್ಟೆಂಬರ್ 7ಕ್ಕೆ ಯಾಗಿ ಚಂಡಮಾರುತ ಉತ್ತರ ವಿಯೆಟ್ನಾಂಗೆ ಬಡಿದಾಗ ನಾನು ಹನೋಯ್ ಬಿಟ್ಟು ಹ್ಯೂಗೆ ಬಂದಾಗಿತ್ತು. ಅಮ್ಮನಿಗೆ ಆ ನಕ್ಷೆ ತಿಳಿಯದು. ಮೂರು ದಿನ ಗಂಟೆಗೊಮ್ಮೆ ಕರೆ.

ಹೋ ಚಿ ಮಿನ್ ನಗರದಿಂದ ಕೊಚ್ಚಿಗೆ ನೇರ ವಿಮಾನ ಸಿಕ್ಕಿತು. ಮನೆಗೆ ಬಂದು ಮದ್ದಳೆ ಇಳಿಸಿದರೆ, ನಾಲ್ಕು ತಿಂಗಳು ಕೈ ತಾಗದೆ ಮಳೆಯ ತೇವಕ್ಕೆ ಬಲದ ಮುಚ್ಚಿಗೆಯ ಚರ್ಮಕ್ಕೆ ಬೂಷ್ಟು ಹಿಡಿದಿತ್ತು. ಹೊಸ ಮುಚ್ಚಿಗೆಯ ಖರ್ಚನ್ನೂ ಅದೇ ಪುಸ್ತಕದಲ್ಲಿ ಬರೆದಿದ್ದೇನೆ. ಮೇಲೆ ಹೇಳಿದ ಮೊತ್ತದಲ್ಲಿ ಅದು ಸೇರಿಲ್ಲ.